ಇಟ್ಟಿಗೆ ಬೀದಿಯ ರಿಮ್ಮಾ ಮತ್ತು ನೇರಳೆ ತುಟಿಗಳು

ಗ್ಲಿನೋಗೊರ್ಸ್ಕ್ ಪಟ್ಟಣದ ಮ್ಯೂಸಿಯಂ ರಿಮ್ಮಾ ಲುಕಿನಿಚ್ನಾಗೆ ಒಂದು ಚಳಿಗಾಲದ ಸಂಬಳ ಇನ್ನೂ ಕೊಡಬೇಕು. ಆ ಮ್ಯೂಸಿಯಂ ಈಗಿಲ್ಲ, ಸಂಬಳ ತಡೆಹಿಡಿದ ಸರಕಾರವೂ ಇಲ್ಲ, ಆ ಕಾಲದ ರೂಬಲ್ಲಿಗೆ ಈಗ ಬೆಂಕಿಪೊಟ್ಟಣವೂ ಬರುವುದಿಲ್ಲ. ಆ ಬಾಕಿಯನ್ನು ಬಿಡೋಣ, ಅವಳೇ ಬಿಟ್ಟಿದ್ದಳು. ಅವಳು ಸಾಯುವ ತನಕ ಬಿಡದೆ ಕೇಳಿದ ಬಾಕಿ ಬೇರೆ. ಮಣ್ಣುಗುಡ್ಡದ ಮೇಲೆ ಒಂದು ಕಲ್ಲು ನಿಲ್ಲಿಸುತ್ತೇವೆ ಅಂತ ಊರು ಒಪ್ಪಿಕೊಂಡಿತ್ತು. ಇವತ್ತಿಗೂ ಅಲ್ಲಿ ಬರ್ಚ್ ಮರಗಳಿವೆ, ಯಾರದೋ ಆಡುಗಳು ಮೇಯುತ್ತವೆ. ಕಲ್ಲಿಲ್ಲ.

ರಿಮ್ಮಾ ದೊಡ್ಡ ಹೆಸರಿನ ಇತಿಹಾಸಕಾರ್ತಿಯೇನಲ್ಲ. ಮಾಸ್ಕೋದವರು ಅವಳ ಹೆಸರು ಕೇಳಿರಲಿಲ್ಲ. ಕುಳ್ಳಗಿನ ಹೆಂಗಸು, ದಪ್ಪ ಕನ್ನಡಕ, ಬೀದಿಯ ಆ ತುದಿಗೂ ಕೇಳುವ ಗಂಟಲು. ಮೊದಲು ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಒಂದು ದಿನ ಒಬ್ಬ ವಿದ್ಯಾರ್ಥಿನಿ ಎದ್ದು, ನಮ್ಮ ಇಟ್ಟಿಗೆ ಕಾರ್ಖಾನೆಯ ದೊಡ್ಡ ಚಿಮಣಿ ಕಟ್ಟಿಸಿದ ಎಂಜಿನಿಯರು ಎಲ್ಲಿ ಸತ್ತ ಅಂತ ಕೇಳಿದಳು. ರಿಮ್ಮಾ, "ಗೊತ್ತಿಲ್ಲ, ಹುಡುಕಬೇಕು" ಅಂದಳು. ಅಷ್ಟಕ್ಕೇ ಅವಳನ್ನು ಕಾಲೇಜಿನಿಂದ ಎತ್ತಿ ಮ್ಯೂಸಿಯಮ್ಮಿನಲ್ಲಿ, ಹುಳ ಹಿಡಿದ ಕರಡಿಯ ಬೊಂಬೆಯ ಪಕ್ಕದಲ್ಲಿ ಕೂರಿಸಿದರು. ಗೊತ್ತಿಲ್ಲ ಅಂದದ್ದು ತಪ್ಪಾಗಿರಲಿಲ್ಲ. ಹುಡುಕಬೇಕು ಅಂದದ್ದು ತಪ್ಪಾಗಿತ್ತು.

ಕೂತಲ್ಲಿ ಸುಮ್ಮನಿರುವ ಜಾತಿಯಲ್ಲ ಅವಳು. ಕಾಗದಪತ್ರ ನೋಡಲು ಬಿಡುವುದಿಲ್ಲ ಅಂದರೆ ಬೇಡ ಬಿಡಿ, ಮುದುಕಿಯರಿಗೆ ಬಾಯಿದೆಯಲ್ಲ ಅಂದಳು. ಭಾನುವಾರ ಬಂತೆಂದರೆ ಒಂದು ಬಾಟಲಿ ಜಾಮ್ ಹಿಡಿದು ಇಟ್ಟಿಗೆ ಬೀದಿಯ ಯಾವುದಾದರೊಂದು ಅಡುಗೆಮನೆಯಲ್ಲಿ ಹಾಜರು. ಸರಕಾರ ಜನರನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋದ ಆ ಮೂವತ್ತೇಳನೇ ಇಸವಿಯಲ್ಲಿ ಏನಾಯ್ತು ಅಂತ ಅವಳು ಯಾವತ್ತೂ ಕೇಳಿದವಳಲ್ಲ. ಹಾಗೆ ಕೇಳಿದರೆ ಬಾಯಿಗೆ ಬೀಗ ಬೀಳುತ್ತದೆ ಅಂತ ಅವಳಿಗೆ ಗೊತ್ತು. ಆ ಚಳಿಗಾಲ ಸೂಪಿಗೆ ಏನು ಹಾಕ್ತಿದ್ರಿ, ಕಾಲಿಗೆ ಏನು ಮೆಟ್ಟುತಿದ್ರಿ, ಕೆಲಸಕ್ಕೆ ಯಾವ ದಾರೀಲಿ ಹೋಗ್ತಿದ್ರಿ ಅಂತ ಕೇಳುವಳು. ಮುದುಕಿಯರು ಮೂರು ಲೋಟ ಚಹಾ ಮುಗಿಯುವ ತನಕ ಅದನ್ನೇ ಹೇಳುವರು.

ಹಾಗೆ ಒಂದು ಸಲ ಪಕ್ಕದ ಮನೆಯ ತಾಯಿಸಿಯಾ, ಬೀದಿಗೆಲ್ಲ ಬಾಬಾ ತಾಯಾ, ಅಂದರೆ ತಾಯಾ ಅಜ್ಜಿ, ಇಟ್ಟಿಗೆ ಕಾರ್ಖಾನೆಯಲ್ಲಿ ಸವೆದು ನಿವೃತ್ತಳಾದವಳು, ಮೊಣಕಾಲು ನೀವಿಕೊಳ್ಳುತ್ತ ಅಂದಳು: "ಈ ಮಂಡಿ ಹಾಳಾಗಿದ್ದು ಆ ವರ್ಷಾನೇ ಕಣೇ. ಹನ್ನೆರಡು ವರ್ಷದ ಹುಡುಗಿ ನಾನು. ಅಮ್ಮನ ಜೊತೆ ನದಿ ಆಚೆಯಿಂದ, ಮಂಜುಗಡ್ಡೆ ಮೇಲೆ, ಜಾರುಬಂಡೀಲಿ ಮಣ್ಣು ಎಳೀತಿದ್ವಿ."

"ನದಿ ಆಚೆಯಿಂದ ಯಾಕೆ, ಬಾಬಾ ತಾಯಾ? ಕಾರ್ಖಾನೆ ಬೆನ್ನಿಗೇ ಮಣ್ಣುಗುಡ್ಡ ಇದೆಯಲ್ಲ?"

"ಬೇಲಿ ಹಾಕಿದ್ರಲ್ಲ ಅದಕ್ಕೆ."

"ಯಾರು ಹಾಕಿದ್ರು?"

ತಾಯಾ ಜಾಮಿನ ಚಮಚವನ್ನು ನೆಕ್ಕಿ, ಮಗುಚಿಟ್ಟು, "ಚಹಾ ಆರೋಯ್ತು ನೋಡು" ಅಂದಳು.

ರಿಮ್ಮಾ ಮುಂದೆ ಕೇಳಲಿಲ್ಲ. ಆದರೆ ಆವತ್ತಿನಿಂದ ಅವಳು ಪ್ರತಿ ಅಡುಗೆಮನೆಯಲ್ಲೂ ಮಣ್ಣು ಎಲ್ಲಿಂದ ತರ್ತಿದ್ರಿ ಅಂತಲೇ ಕೇಳಿದಳು. ಎಲ್ಲರದೂ ಒಂದೇ ಮಾತು. ಬೆನ್ನ ಹಿಂದೆ ಗುಡ್ಡದಷ್ಟು ಮಣ್ಣಿಟ್ಟುಕೊಂಡು ಒಂದು ಕಾರ್ಖಾನೆ ಇಡೀ ಚಳಿಗಾಲ ನದಿ ಆಚೆಯಿಂದ ಮಣ್ಣು ಹೊರಿಸಿದೆ ಅಂದರೆ, ಗುಡ್ಡದಲ್ಲಿ ಯಾರೂ ಅಗೆಯಬಾರದ್ದು ಏನೋ ಇತ್ತು.

ಏನಿತ್ತು ಅನ್ನುವುದನ್ನು ತಂದುಕೊಟ್ಟವನು ರಿಫ್ಕಾತ್. ಕಟ್ಟಡ ಇಲಾಖೆಯ ಬುಲ್ಡೋಜರ್ ಚಾಲಕ, ತಾತಾರ್ ಮನುಷ್ಯ, ರಿಮ್ಮಾಳನ್ನು ತನ್ನ ಮಾತಿನಲ್ಲಿ ಅಪಾ, ಅಂದರೆ ಅಕ್ಕ, ಅಂತ ಕರೆಯುತ್ತಿದ್ದ. ಎಂಬತ್ತೆಂಟರ ಶರತ್ಕಾಲದಲ್ಲಿ ಮಣ್ಣುಗುಡ್ಡವನ್ನು ಸಮತಟ್ಟು ಮಾಡಿ ಆಟದ ಮೈದಾನ ಕಟ್ಟುವ ಕೆಲಸ ಶುರುವಾಗಿತ್ತು. ಅವನು ಕೆಸರು ಬೂಟಿನಲ್ಲೇ ಮ್ಯೂಸಿಯಮ್ಮಿಗೆ ನುಗ್ಗಿ, ಪತ್ರಿಕೆಯಲ್ಲಿ ಸುತ್ತಿದ್ದನ್ನು ಕರಡಿಯ ಕಾಲ ಬಳಿ ಬಿಚ್ಚಿದ. ಬೂಟಿನ ಮೇಲೆ ಹಾಕಿಕೊಳ್ಳುವ ರಬ್ಬರ್ ಗಲೋಶು, ಒಂಟಿ. ಒಳಗೆ, ಕಚೇರಿ ಬಾಗಿಲಲ್ಲಿ ಬಿಟ್ಟಾಗ ಅದಲುಬದಲಾಗದ ಹಾಗೆ ಆ ಕಾಲದವರು ಹೊಡೆದುಕೊಳ್ಳುತ್ತಿದ್ದ ಹಿತ್ತಾಳೆಯ ಅಕ್ಷರ.

"ಮೂಳೆ ಜೊತೆ ಸಿಕ್ತು ಅಪಾ. ಒಂದಲ್ಲ, ಎರಡಲ್ಲ. ಮಿಷನ್ ನಿಲ್ಲಿಸ್ದೆ. ಮೇಸ್ತ್ರಿ ಓಡಿ ಬಂದು, ಅದು ದನದ ಹೊಂಡ ಕಣೋ, ಹಿಂದೆ ರೋಗ ಬಂದು ಸತ್ತ ದನ ಹೂತಿದ್ದು, ಮುಚ್ಚು ಅಂದ."

"ನೀನೇನಂದೆ?"

"ಗಲೋಶು ಹಾಕ್ಕೊಂಡು ಸತ್ತ ದನ ನಾನು ನೋಡಿಲ್ಲಪ್ಪ ಅಂದೆ. ಕೀಲಿ ಜೇಬಿಗೆ ಹಾಕ್ಕೊಂಡು ಇಲ್ಲಿಗೆ ಬಂದೆ. ಕೆಲಸ ಹೋಯ್ತು ಅನ್ಸುತ್ತೆ."

ಕೆಲಸ ಹೋಗಲಿಲ್ಲ, ನೆಲ ಹೆಪ್ಪುಗಟ್ಟಿತು. ಹಿಮ ಬಿದ್ದ ಮೇಲೆ ಅಗೆಯುವ ಮಾತೇ ಇಲ್ಲ. ನಗರದ ಪಕ್ಷ ಕಾರ್ಯದರ್ಶಿ ವೆನಿಯಾಮಿನ್ ಸವೆಲಿಚ್ ಕೊಪ್ತೆಲೊವ್ ಸಭೆ ಕರೆದು, ವಸಂತ ಬಂದ ಕೂಡಲೇ ಮೈದಾನ ಮುಗಿಸ್ತೀವಿ, ದನದ ಮೂಳೆ ನೋಡಿ ಅಳೋರು ಅಳ್ಕೊಳ್ಳಲಿ ಅಂತ ಸಾರಿದ. ತಿಪ್ಪೆ ಸಾರಿಸುವುದರಲ್ಲಿ ಪಳಗಿದ ಕೈ. ಅದೇ ಹೊತ್ತಿಗೆ ದೊಡ್ಡ ಚುನಾವಣೆ ಘೋಷಣೆಯಾಯಿತು. ಎಷ್ಟೋ ದಶಕದ ಮೇಲೆ ಮೊದಲ ಸಲ ಒಂದಕ್ಕಿಂತ ಹೆಚ್ಚು ಹೆಸರು ಮತಚೀಟಿಯಲ್ಲಿ ಇರಬಹುದು ಅಂದರು. ಕೊಪ್ತೆಲೊವ್ ನಿಂತ. ಇಟ್ಟಿಗೆ ಕಾರ್ಖಾನೆಯ ಗೂಡಿನ ಕೆಲಸಗಾರರು ಕೈಯೆತ್ತಿ ರಿಮ್ಮಾಳನ್ನು ನಿಲ್ಲಿಸಿದರು.

ಆದರೆ ಮತಚೀಟಿಗೆ ಹೆಸರು ಹೋಗುವ ಮೊದಲು ಕ್ಷೇತ್ರದ ಸಭೆಯೆಂಬ ಜರಡಿಯೊಂದಿತ್ತು. ಆ ದಿನ ಬೆಳಗಾಗುವ ಮೊದಲೇ ಬಸ್ಸುಗಳಲ್ಲಿ ಕಚೇರಿಯವರನ್ನು ತಂದು ಕುರ್ಚಿ ತುಂಬಿಸಿದ್ದರು. ರಿಮ್ಮಾಳನ್ನು ನಿಲ್ಲಿಸಿದವರು ಹೊರಗೆ ಹಿಮದಲ್ಲಿ ಕಾಲು ಕುಟ್ಟುತ್ತ ನಿಂತರು. ಒಳಗೆ ಒಬ್ಬ ಎದ್ದು, ರಿಮ್ಮಾಳನ್ನು ಮನೆತನದ ಹೆಸರಿನಿಂದ ಕರೆದು, "ಸಂಗಾತಿ ಶೆಲ್ಕುನೋವಾ, ಮ್ಯೂಸಿಯಮ್ಮಿನ ಕರಡಿಗೆ ಧೂಳು ಹೊಡೆಯೋರು ದೇಶಕ್ಕೆ ಏನು ಮಾಡ್ತೀರಿ?" ಅಂತ ಕೇಳಿದ.

"ಅದನ್ನೇ. ಧೂಳು ಹೊಡೀತೀನಿ" ಅಂದಳು ರಿಮ್ಮಾ.

ಸಭೆ ನಕ್ಕಿತು, ಕೈಯೆತ್ತಿತು, ಅವಳ ಹೆಸರನ್ನು ತೆಗೆದುಹಾಕಿತು. ಮತಚೀಟಿಯಲ್ಲಿ ಉಳಿದದ್ದು ಕೊಪ್ತೆಲೊವ್ ಒಬ್ಬನೇ. ಮಾರನೇ ವಾರ ಮ್ಯೂಸಿಯಮ್ಮಿನ ಮುಖ್ಯಸ್ಥ ತಲೆ ತಗ್ಗಿಸಿಕೊಂಡು, ಚುನಾವಣೆ ಮುಗಿಯೋ ತನಕ ಮನೇಲಿರಿ, ಸಂಬಳ ಆಮೇಲೆ ನೋಡೋಣ ಅಂದ. ಮೊದಲು ಹೇಳಿದ ಬಾಕಿ ಇದೇ.

ರಿಮ್ಮಾ ಮನೆಯಲ್ಲಿ ಕೂತು ಅಳುವಳೆಂದು ಕಾದವರಿದ್ದರು. ಅವಳು ಹಿಟ್ಟು ಕಲಸಿ, ಎಲೆಕೋಸು ತುಂಬಿದ ಪಿರೋಗ್ ರೊಟ್ಟಿ ಬೇಯಿಸಿ, ಬೀದಿಯ ಹೆಂಗಸರನ್ನೆಲ್ಲ ಕರೆದಳು. ರಿಫ್ಕಾತ್ ಕೂಡ ಬಂದು ಒಲೆಯ ಪಕ್ಕ ಕೂತ.

"ಕಾನೂನು ಓದಿದೀನಿ," ಅಂದಳು. "ಒಬ್ಬನೇ ನಿಂತ್ರೂ ಅವನಿಗೆ ಅರ್ಧಕ್ಕಿಂತ ಜಾಸ್ತಿ ಓಟು ಬೀಳಬೇಕು. ಬೇಡ ಅನ್ನೋರು ಹೆಸರಿನ ಮೇಲೆ ಗೆರೆ ಎಳೀಬೇಕು. ಗೆರೆ ಇಲ್ಲದ ಚೀಟಿ ಅವನ ಲೆಕ್ಕಕ್ಕೆ ಹೋಗುತ್ತೆ. ಸೋತ್ರೆ ಅವನ ಮಾತು ಈ ಊರಲ್ಲಿ ನಡೆಯಲ್ಲ. ಮೈದಾನ ನಿಲ್ಲುತ್ತೆ."

"ಗೆರೆ ಎಳೆಯೋಕೆ ಪರದೆ ಹಿಂದೆ ಹೋಗ್ಬೇಕಲ್ಲ ರಿಮ್ಮಾ ಲುಕಿನಿಚ್ನಾ," ಅಂದಳು ಒಬ್ಬಳು. "ಯಾರು ಹೋಗ್ತಾರೆ? ಹೋದವರ ಹೆಸರು ಬರ್ಕೋತಾರೆ."

ಅದು ನಿಜ. ನಮ್ಮಲ್ಲಿ ಓಟು ಅಂದರೆ ಹಬ್ಬದ ಬಟ್ಟೆ ಹಾಕಿಕೊಂಡು ಹೋಗುವುದು, ಚೀಟಿ ಇಸಕೊಳ್ಳುವುದು, ಮಡಚಿ ನೇರ ಪೆಟ್ಟಿಗೆಗೆ ಹಾಕುವುದು, ಆಮೇಲೆ ಅಲ್ಲೇ ಮಾರುವ ಸಾಸೇಜಿಗೆ ಸಾಲು ನಿಲ್ಲುವುದು. ಪರದೆಯ ಮರೆ ಇರುತ್ತಿತ್ತು, ಕೋಣೆಯ ಆ ಮೂಲೆಯಲ್ಲಿ, ಎಲ್ಲರ ಕಣ್ಣೆದುರೇ ನಡೆದು ಹೋಗಬೇಕಾದ ಜಾಗದಲ್ಲಿ. ಅದರೊಳಗೆ ಕಾಲಿಡುವುದೆಂದರೆ ನಾನು ಕಳ್ಳಿ ಅಂತ ತಾನೇ ಸಾರಿಕೊಂಡ ಹಾಗೆ.

"ಅದಕ್ಕೇ ಎಲ್ಲರೂ ಹೋಗೋಣ" ಅಂದಳು ರಿಮ್ಮಾ. "ಅವನಿಗೇ ಓಟು ಹಾಕೋರೂ ಹೋಗಿ. ನನಗೆ ಬೇಜಾರಿಲ್ಲ. ಒಳಗೆ ಹೋಗಿ, ಮೂಗು ಒರೆಸ್ಕೊಂಡು ಬನ್ನಿ. ಎಲ್ಲರೂ ಹೋದ್ರೆ ಯಾರು ಯಾಕೆ ಹೋದ್ರು ಅಂತ ಅವರಪ್ಪನಿಗೂ ಗೊತ್ತಾಗಲ್ಲ."

ಹಳೆಯ ರೊಟ್ಟಿ ರೇಷನ್ ಚೀಟಿಯೊಂದರ ಮೇಲೆ ಕೊಪ್ತೆಲೊವನ ಹೆಸರು ಬರೆದು ಒಬ್ಬೊಬ್ಬರ ಮುಂದೆ ಇಟ್ಟಳು. ಒಬ್ಬೊಬ್ಬರೂ ಗೆರೆ ಎಳೆದು ಅಭ್ಯಾಸ ಮಾಡಿದರು, ನಕ್ಕರು. ಬಾಬಾ ತಾಯಾಳ ಸರದಿ ಬಂದಾಗ ಅವಳು ಪೆನ್ಸಿಲ್ ಮುಟ್ಟಲಿಲ್ಲ.

"ನನ್ನ ಕೈಲಿ ಆಗಲ್ಲ."

"ಭಯಾನಾ?"

"ಭಯ ನನ್ನ ಇಟ್ಟಿಗೆ ಗಾಡಿಯ ಗಾಲಿ ಕೆಳಗೆ ಬಿದ್ದು ಎಷ್ಟೋ ಕಾಲ ಆಯ್ತು," ಅಂದಳು ತಾಯಾ. ಆಮೇಲೆ ಪಿರೋಗಿನ ತಟ್ಟೆ ನೋಡುತ್ತಲೇ ಹೇಳಿದಳು. "ಅಪ್ಪನ್ನ ಕರ್ಕೊಂಡು ಹೋದ ಮೇಲೆ ಅಮ್ಮ ಮನೆಯವರ ಫೋಟೊ ತೆಗೆದು ನನ್ನ ಮುಂದೆ ಇಟ್ಟಳು. ಶಾಲೇಲಿ ಆಗ ನಮಗೆ ಅದೇ ಕೆಲಸ. ಪುಸ್ತಕದಲ್ಲಿದ್ದ ದೊಡ್ಡವರು ಯಾರು ಕೆಟ್ಟವರಾದ್ರು ಅಂತ ಟೀಚರು ಹೇಳೋರು, ನಾವು ಮುಖಕ್ಕೆ ಮಸಿ ಬಳಿಯೋದು. ನನ್ನ ಕೈ ಗಟ್ಟಿ, ಗೆರೆ ದಾಟ್ತಿರಲಿಲ್ಲ. ಅದಕ್ಕೇ ಅಮ್ಮ ನನ್ನನ್ನೇ ಕೂರಿಸಿದ್ಳು. ಅಪ್ಪನ ಮುಖ ನಾನೇ ಬಳಿದೆ. ಕಿವಿ ಕೂಡ ಬಿಡಲಿಲ್ಲ. ಈಗ ಅವನ ಮುಖ ಹೇಗಿತ್ತು ಅಂತ ನೆನಪಾಗಲ್ಲ ಕಣೇ. ಬರೀ ಮಸಿ ಕಾಣುತ್ತೆ. ಇನ್ನೊಬ್ಬ ಮನುಷ್ಯನ ಹೆಸರಿನ ಮೇಲೆ ನಾನು ಕೈ ಇಡಲ್ಲ. ಅವನು ಕೊಪ್ತೆಲೊವ್ ಆದ್ರೂ ಸರಿ."

ರಿಮ್ಮಾಳಿಗೆ ಕಾಲೇಜಿನ ಭಾಷಣಗಳೆಲ್ಲ ಬಾಯಿಗೆ ಬಂದವು. ಎಲ್ಲವನ್ನೂ ನುಂಗಿದಳು.

"ನೀವು ಮಸಿ ಬಳಿದ ಮೇಲೆ ನಿಮ್ಮಪ್ಪ ಮನೆಗೆ ಬಂದ್ರಾ?"

"ಏನು ಮಾತಾಡ್ತೀಯೇ!"

"ಕೊಪ್ತೆಲೊವ್ ಬರ್ತಾನೆ. ಗೆರೆ ಎಳೆದ ಸಾಯಂಕಾಲ ಮನೆಗೆ ಹೋಗ್ತಾನೆ. ಹೆಂಡತಿ ಸೂಪು ಬಡಿಸ್ತಾಳೆ. ಬೈಕೊಂಡು ಕುಡೀತಾನೆ. ಅವನ ಮಗಳು ಅವನ ಫೋಟೊಗೆ ಏನೂ ಮಾಡಬೇಕಾಗಿಲ್ಲ. ಆವಾಗ ನಿಮ್ಮ ಕೈ ಹಿಡಿದು ಬಳಿಸಿದ್ರು. ಈಗ ಕೈ ನಿಮ್ಮದು. ಬೇಡ ಅಂದ್ರೆ ಬೇಡ, ಹಾಗೇ ಪೆಟ್ಟಿಗೆಗೆ ಹಾಕಿ, ನಾನು ಒಂದು ಮಾತೂ ಅನ್ನಲ್ಲ. ಆದ್ರೆ ಹಿಮ ಕರಗಿದ್ರೆ ನಿಮ್ಮಪ್ಪನ ಮೇಲೆ ಚೆಂಡಾಡ್ತಾರೆ."

ತಾಯಾ ಎದ್ದು, ಶಾಲು ಹೊದ್ದು, ಹೌದು ಅನ್ನದೆ ಇಲ್ಲ ಅನ್ನದೆ ಹೋದಳು. ಬಾಗಿಲಲ್ಲಿ ಮಾತ್ರ ತಿರುಗಿ, "ಪಿರೋಗಿಗೆ ಉಪ್ಪು ಕಮ್ಮಿ" ಅಂದಳು.

ಮತಗಟ್ಟೆಯಲ್ಲಿ ಇಟ್ಟಿರುವ ಸಾದಾ ಪೆನ್ಸಿಲಿನ ಗೆರೆಯನ್ನು ಯಾರಾದರೂ ಅಳಿಸಿಬಿಟ್ಟಾರು ಅಂತ ರಿಮ್ಮಾಳಿಗೆ ಅನುಮಾನ. ಹಾಗಾಗಿ ಮಸಿ ಪೆನ್ಸಿಲುಗಳನ್ನು ಒಟ್ಟುಮಾಡಿ ಬೀದಿಗೆಲ್ಲ ಹಂಚಿದಳು. ಯುದ್ಧದ ಕಾಲದಲ್ಲಿ ರಣರಂಗಕ್ಕೆ ಕಾಗದ ಬರೆಯುತ್ತಿದ್ದದ್ದು ಅದರಲ್ಲೇ. ಮೊನೆ ಒದ್ದೆಯಾದರೆ ನೇರಳೆ ಮಸಿ ಬಿಡುತ್ತದೆ, ಒಣಗಿದ ಮೇಲೆ ಏನು ತಿಕ್ಕಿದರೂ ಹೋಗುವುದಿಲ್ಲ. ಎಲ್ಲ ಯೋಚಿಸಿದ್ದೇನೆ ಅಂದುಕೊಂಡಿದ್ದಳು.

ಮಾರ್ಚ್ ಕೊನೆಯ ಆ ಭಾನುವಾರ ಶಾಲೆಯ ಬಾಗಿಲಲ್ಲಿ ಎಂದಿನ ಹಾಗೆ ಬ್ಯಾಂಡಿನ ಸಂಗೀತ, ಒಳಗೆ ಸಾಸೇಜಿನ ವಾಸನೆ. ಇಟ್ಟಿಗೆ ಬೀದಿಯ ಹೆಂಗಸರು ಗುಂಪಾಗಿ ಬಂದು ಚೀಟಿ ಇಸಕೊಂಡರು. ಆಮೇಲೆ ಯಾರ ಕಾಲೂ ಎತ್ತಲೊಲ್ಲದು. ಪರದೆ ಆ ಮೂಲೆಯಲ್ಲಿ, ನಡುವೆ ಖಾಲಿ ನೆಲ, ಮೇಜಿನ ಹಿಂದೆ ಮತಗಟ್ಟೆಯ ಅಧ್ಯಕ್ಷ. ಟೈ ಕಟ್ಟಿ, ಕುತ್ತಿಗೆ ಕೆಂಪಾದ ದಪ್ಪ ಮನುಷ್ಯ. ರಿಮ್ಮಾ ತಾನೇ ಮೊದಲು ಹೋಗಬೇಕೆಂದು ಹೆಜ್ಜೆ ಎತ್ತುವಷ್ಟರಲ್ಲಿ ಪಕ್ಕದಿಂದ ಯಾರೋ ಮೊಣಕೈಯಿಂದ ತಿವಿದು ದಾರಿ ಮಾಡಿಕೊಂಡು ಹೋದರು. ಬಾಬಾ ತಾಯಾ. ಉಣ್ಣೆಯ ಬೂಟು ನೆಲಕ್ಕೆ ಉಜ್ಜುತ್ತ, ಕೋಣೆ ದಾಟಿ, ಪರದೆ ಸರಿಸಿ ಒಳಗೆ ಹೋದಳು.

ಹೋದವಳು ಬರಲೇ ಇಲ್ಲ. ಅಧ್ಯಕ್ಷ ಕೆಮ್ಮಿದ. ಕೊನೆಗೆ ಎದ್ದು ನಿಂತು, "ಅಜ್ಜೀ, ನಿದ್ದೆ ಬಂತಾ?" ಅಂದ.

"ಕಾಲುಚೀಲ ಜಾರಿದೆ, ಕಟ್ಕೋತಿದೀನಿ!" ಪರದೆಯ ಹಿಂದಿನಿಂದ ಉತ್ತರ. "ಬಂದು ಕೈ ಹಿಡೀತೀಯೇನಪ್ಪ?"

ಕೋಣೆಗೆ ಕೋಣೆಯೇ ನಕ್ಕಿತು. ಪರದೆ ಸರಿಯಿತು. ತಾಯಾ ಮಡಚಿದ ಚೀಟಿ ಹಿಡಿದು ಹೊರಗೆ ಬಂದಳು. ಅವಳ ತುಟಿ, ನಾಲಿಗೆಯ ತುದಿ, ಗಲ್ಲದ ಒಂದು ಚೂರು, ಎಲ್ಲ ನೇರಳೆ.

ರಿಮ್ಮಾಳಿಗೆ ತನ್ನ ತಪ್ಪು ಆಗ ತಿಳಿಯಿತು. ಮಸಿ ಪೆನ್ಸಿಲು ಕೈಗೆ ಬಂದರೆ ನಮ್ಮ ಮುದುಕಿಯರು ಮೊದಲು ಮಾಡುವುದೇನು? ನಾಲಿಗೆಗೆ ತಾಕಿಸಿ ಒದ್ದೆ ಮಾಡುವುದು. ಯುದ್ಧದ ಕಾಲದ ರೂಢಿ, ಇನ್ನೂ ಬಿಟ್ಟಿಲ್ಲ. ಇಡೀ ಊರಿನ ಹಳೆಯ ಕತೆ ಕೆದಕಿದವಳಿಗೆ ಈ ಒಂದು ಹೊಳೆದಿರಲಿಲ್ಲ. ಗುಟ್ಟು ಕಾಯಲು ಕೊಟ್ಟ ಪೆನ್ಸಿಲು ಗುಟ್ಟನ್ನು ಬಾಯಿಯ ಮೇಲೆ ಬರೆದಿತ್ತು. ಹೆಸರು ಬರೆದುಕೊಳ್ಳುವವರಿಗೆ ಇನ್ನು ಪರದೆ ನೋಡುವ ಕೆಲಸವೂ ಇಲ್ಲ, ತುಟಿ ನೋಡಿದರೆ ಸಾಕು.

ಅಧ್ಯಕ್ಷನಿಗೂ ಅರ್ಥವಾಯಿತು. ಮೆಲ್ಲಗೆ ಕೇಳಿದ: "ಅಜ್ಜಿ, ಬಾಯಲ್ಲಿ ಏನದು?"

ತಾಯಾ ಅಂಗೈಯಿಂದ ತುಟಿ ಒರೆಸಿಕೊಂಡಳು. ಇನ್ನಷ್ಟು ಹರಡಿತು. "ಕಾಡುಹಣ್ಣಿನ ಪಿರೋಗ್ ತಿಂದೆ."

"ಮಾರ್ಚಲ್ಲಿ?"

"ಜಾಮ್ ಹಾಕಿಟ್ಟಿದ್ದೆ. ನಿನ್ನ ಹೆಂಡತಿ ಹಾಕಿಡಲ್ವಾ? ಪಾಪ."

ಅಧ್ಯಕ್ಷ ನಗಲಿಲ್ಲ. ಪಕ್ಕದಲ್ಲಿದ್ದವನಿಗೆ ಏನೋ ಪಿಸುಗುಟ್ಟಿದ. ಆ ಇನ್ನೊಬ್ಬ ಲೇಖನಿ ತೆಗೆದ. ಹೆಂಗಸರ ನಗು ನಿಂತಿತು. ಹಿಂದೆ ನಿಂತ ಇಬ್ಬರು ಚೀಟಿ ಮಡಚಿಕೊಂಡು ಸೀದಾ ಪೆಟ್ಟಿಗೆಯ ಕಡೆ ಸರಿಯತೊಡಗಿದ್ದನ್ನು ರಿಮ್ಮಾ ಕಂಡಳು. ಇನ್ನೊಂದು ಉಸಿರಿನ ಹೊತ್ತು, ಎಲ್ಲ ಮುಗಿಯುತ್ತಿತ್ತು.

ಅವಳು ಬ್ಯಾಗಿನಿಂದ ತನ್ನ ಪೆನ್ಸಿಲು ತೆಗೆದಳು. ಮರೆಯಲ್ಲಲ್ಲ, ಕೋಣೆಯ ನಟ್ಟನಡುವೆ, ಅಧ್ಯಕ್ಷನ ಮುಖ ನೋಡುತ್ತ, ಅದರ ಮೊನೆಯನ್ನು ನಾಲಿಗೆಯ ಮೇಲೆ ಉದ್ದಕ್ಕೆ ಎಳೆದಳು. ತುಟಿಗೂ ಬಳಿದುಕೊಂಡಳು.

"ನಾನೂ ತಿಂದೆ" ಅಂದಳು, ಬೀದಿಯ ಆ ತುದಿಗೂ ಕೇಳುವ ಹಾಗೆ. "ಬಾಬಾ ತಾಯಾ ಮನೇಲಿ."

ಮೊದಲು ರಿಫ್ಕಾತ್ ಕೈ ಚಾಚಿದ. "ಕೊಡಿ ಅಪಾ, ಒಬ್ಬರೇ ಖಾಲಿ ಮಾಡ್ಬೇಡಿ." ದಪ್ಪ ಮೀಸೆಯ ಕೆಳಗೆ ನೇರಳೆ ಬಳಿದುಕೊಂಡು ನಿಂತ ಬುಲ್ಡೋಜರ್ ಚಾಲಕನನ್ನು ನೋಡಿ ಯಾರೋ ಕಿಸಕ್ಕೆಂದರು. ಆಮೇಲೆ ಪೆನ್ಸಿಲುಗಳು ಜೇಬಿನಿಂದ, ಕೈಚೀಲದಿಂದ, ಎದೆಯ ಸಂದಿಯಿಂದ ಹೊರಬಂದವು. ಪೆಟ್ಟಿಗೆಯ ಕಡೆ ಹೊರಟಿದ್ದ ಇಬ್ಬರೂ ವಾಪಸು ಬಂದರು. ಕೊಪ್ತೆಲೊವನ ಕಚೇರಿಯಲ್ಲೇ ಟೈಪು ಮಾಡುವ ಹೆಂಗಸೊಬ್ಬಳು, ಅವನಿಗೇ ಓಟು ಹಾಕುವೆನೆಂದು ಹೇಳಿಕೊಂಡು ತಿರುಗಿದವಳು, "ನನಗೂ ಒಂಚೂರು ಕೊಡ್ರಿ, ನನ್ನ ಲಿಪ್‌ಸ್ಟಿಕ್ ಹೆಂಗೂ ಖಾಲಿ" ಅಂತ ಇಸಕೊಂಡಳು. ಪರದೆಯ ಮುಂದೆ ಸಾಸೇಜಿಗಿಂತ ಉದ್ದದ ಸಾಲಾಯಿತು. ಬರೆಯಲು ಹೊರಟವನು ಒಂದಷ್ಟು ಹೊತ್ತು ಬರೆದ. ಎಲ್ಲರ ಬಾಯಿಯೂ ಒಂದೇ ಬಣ್ಣವಾದ ಮೇಲೆ ಲೇಖನಿ ಮುಚ್ಚಿ ಜೇಬಿಗಿಟ್ಟ.

ಸುದ್ದಿ ಉಳಿದ ಮತಗಟ್ಟೆಗಳಿಗೆ ಬಸ್ಸಿಗಿಂತ ಬೇಗ ಹೋಯಿತು. ಸಂಜೆಯ ಹೊತ್ತಿಗೆ ಊರಿನ ಅರ್ಧ ಜನ ನೇರಳೆ ತುಟಿಯಲ್ಲಿ ತಿರುಗುತ್ತಿದ್ದರು. ಪೆನ್ಸಿಲು ಸಿಗದವರು ನಿಜವಾಗಿಯೂ ಜಾಮ್ ಬಳಿದುಕೊಂಡು ಬಂದರಂತೆ.

ಕೊಪ್ತೆಲೊವನಿಗೆ ಅರ್ಧ ಓಟು ಬರಲಿಲ್ಲ. ಅವನು ಮನೆಗೆ ಹೋದ, ಸೂಪು ಕುಡಿದ, ಮುಂದೆ ಎಷ್ಟೋ ವರ್ಷ ಬದುಕಿದ. ಮರುಚುನಾವಣೆಯಲ್ಲಿ ರಿಮ್ಮಾಳನ್ನೇ ನಿಲ್ಲು ಅಂದರು. ಅವಳು ಒಲ್ಲೆನೆಂದಳು. "ಕುರ್ಚಿಗೆ ಬೇರೆ ಜನ ಸಿಗ್ತಾರೆ, ಹೊಂಡಕ್ಕೆ ಯಾರೂ ಸಿಗಲ್ಲ." ಹಲ್ಲಿನ ಡಾಕ್ಟರೊಬ್ಬ ಗೆದ್ದ. ಕೆಟ್ಟವನಲ್ಲ, ಮಾತು ಮಾತ್ರ ಜಾಸ್ತಿ. ಬೇಸಿಗೆಯಲ್ಲಿ ಮಣ್ಣುಗುಡ್ಡವನ್ನು ಬುಲ್ಡೋಜರಿನಿಂದಲ್ಲ, ಸಲಿಕೆಯಿಂದ ತೆರೆದರು. ಮೊದಲ ಸಲಿಕೆ ರಿಫ್ಕಾತನದು. ತಲೆಬುರುಡೆಗಳ ಹಿಂಭಾಗದಲ್ಲಿ ತೂತುಗಳಿದ್ದವು. ದನದ ಒಂದು ಕೊಂಬೂ ಸಿಗಲಿಲ್ಲ.

ಬಾಬಾ ತಾಯಾ ದಿನವೂ ಬಂದು ಮರದ ಪೆಟ್ಟಿಗೆಯೊಂದರ ಮೇಲೆ ಕೂರುತ್ತಿದ್ದಳು. ಹಿತ್ತಾಳೆ ಅಕ್ಷರದ ಗಲೋಶುಗಳನ್ನು ಸಾಲಾಗಿಟ್ಟಾಗ ರಿಮ್ಮಾ ಕೇಳಿದಳು: "ಇದರಲ್ಲಿ ನಿಮ್ಮಪ್ಪನದು ಇದೆಯಾ, ನೋಡ್ತೀರಾ?"

"ಅಪ್ಪನ ಹತ್ರ ಗಲೋಶು ಎಲ್ಲಿತ್ತೇ," ಅಂದಳು ತಾಯಾ. "ಗೂಡಿನ ಕೂಲಿ ಅವನು. ಚಿಂದಿ ಸುತ್ಕೊಂಡು ಹೋದ." ಆಮೇಲೆ ಯಾರದೋ ಗಲೋಶೊಂದನ್ನು ಎತ್ತಿ, ಮಣ್ಣು ಒರೆಸಿ, ಸಾಲಿನಲ್ಲಿ ನೆಟ್ಟಗೆ ಇಟ್ಟಳು.

ಅದೇ ವರ್ಷ ಊರಿನ ಸಭೆ ಕಲ್ಲು ನಿಲ್ಲಿಸುವುದಕ್ಕೆ ಒಪ್ಪಿತು. ಮುಂದಿನ ವರ್ಷ ಕಲ್ಲು ಬರುತ್ತದೆ ಅಂದರು. ಆಮೇಲೆ ದೇಶವೇ ಇಲ್ಲವಾಯಿತು, ಕಲ್ಲು ಯಾರ ಖಾತೆಗೆ ಅಂತ ಜಗಳವಾಯಿತು. ಆಮೇಲೆ ಬಂದವರು, ಹಳೆಯದನ್ನು ಯಾಕೆ ಕೆದಕ್ತೀರಿ ಅಂದರು. ರಿಮ್ಮಾ ಪ್ರತಿ ಮೇಯರಿನ ಬಾಗಿಲಿಗೂ ಹೋದಳು. ಕನ್ನಡಕ ಇನ್ನೂ ದಪ್ಪವಾಯಿತು, ಗಂಟಲು ಸಣ್ಣದಾಗಲಿಲ್ಲ. ಕೊನೆಯ ಮೇಯರಿನ ಸಹಾಯಕಿ ಗುಡ್ಡದ ದಾಖಲೆ ತೆಗೆದು ನೋಡಿ, "ಅಜ್ಜಿ, ಇಲ್ಲಿ ದನದ ಹೊಂಡ ಅಂತ ಇದೆಯಲ್ಲ" ಅಂದಳಂತೆ. ರಿಮ್ಮಾ ಸತ್ತ ಮೇಲೆ ತಾಯಾಳ ಮೊಮ್ಮಗಳು ಹೋಗುತ್ತಾಳೆ. ಕಲ್ಲು ಬರುತ್ತದೆ. ಅದನ್ನು ನಾವು ವಸೂಲು ಮಾಡಿಕೊಳ್ಳುತ್ತೇವೆ, ಅದಕ್ಕೆ ನಿಮ್ಮ ಕಣ್ಣೀರು ಬೇಡ.

ನಿಮ್ಮಿಂದ ಬೇಕಾದದ್ದು ಬೇರೆ. ನಿಮ್ಮೂರಿನಲ್ಲೂ ಒಂದು ಜಾಗ ಇದೆ. ಅಲ್ಲಿ ಏನೂ ಇಲ್ಲ, ದನ ಹೂತಿದ್ದು ಅಂತ ನಿಮಗೆ ಹೇಳಿದ್ದಾರೆ, ನೀವೂ ನಂಬಿ ಪಕ್ಕದ ದಾರಿಯಲ್ಲೇ ಓಡಾಡುತ್ತೀರಿ. ಆ ಕಾಲ ಕಂಡ ಮುದುಕಿಯೊಬ್ಬಳು ನಿಮ್ಮ ಬೀದಿಯಲ್ಲಿ ಇನ್ನೂ ಉಸಿರಾಡುತ್ತಿದ್ದಾಳೆ. ಈ ವಾರ ಅವಳ ಅಡುಗೆಮನೆಗೆ ಹೋಗಿ ಕೂತುಕೊಳ್ಳಿ. ಆ ವರ್ಷ ಮಣ್ಣು ಎಲ್ಲಿಂದ ಹೊತ್ತಿರಿ ಅಂತ ಕೇಳಿ.